ಬೇರೆ ದೇಶಕ್ಕೆ ಸೇನೆ ಕಳಿಸಿ ಗೆಲ್ಲಲು ಸಾಧ್ಯವೇ? ಆ ಖರ್ಚಿಗೆ ತಕ್ಕ ಫಲ ಸಿಗುತ್ತದೆಯೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಬೇರೆ ದೇಶದ ನೆಲದಲ್ಲಿ ಸೇನೆ ಇಳಿಸಿ ಗೆಲ್ಲಬಹುದೇ ಎನ್ನುವುದು ಒಂದು. ಗೆದ್ದರೂ ಆ ಖರ್ಚು ಗಿಟ್ಟುತ್ತದೆಯೇ ಎನ್ನುವುದು ಇನ್ನೊಂದು. 2021ರ ಆಗಸ್ಟ್‌ನಲ್ಲಿ ಅಮೆರಿಕ ಅಫ್ಗಾನಿಸ್ತಾನ ಬಿಟ್ಟು ಹೊರಡುವಾಗಿನ ಕಾಬೂಲ್ ವಿಮಾನ ನಿಲ್ದಾಣದ ದೃಶ್ಯಗಳನ್ನು ನೋಡಿದವರು ಎರಡಕ್ಕೂ ‘ಇಲ್ಲ’ ಎಂದುಬಿಡುತ್ತಾರೆ. ನಾನು ಹಾಗೆ ಹೇಳಲಾರೆ. ಸೈನಿಕರು ತಾವೇ ಮುಗಿಸಿ ಬರಬಹುದಾದ ಕೆಲಸ ಕೊಟ್ಟಾಗ ಇಂಥ ಹಸ್ತಕ್ಷೇಪಗಳು ಗೆದ್ದಿವೆ, ಕೆಲವಂತೂ ತೀರಾ ಕಡಿಮೆ ಖರ್ಚಿನಲ್ಲಿ. ಅವರು ಹೊರಟ ಮೇಲೆ ಬೇರೆಯವರು ನಡೆಸಿಕೊಂಡು ಹೋಗಬೇಕಾದ ಕೆಲಸವಾಗಿದ್ದರೆ, ಆ ಬೇರೆಯವರು ಯಾರು, ಅವರಿಗೆ ಸಂಬಳ ಎಲ್ಲಿಂದ ಬರುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಮೊದಲ ಬಗೆಗೆ 1991ರ ಕುವೈತ್ ಸ್ಪಷ್ಟ ಉದಾಹರಣೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 678ನೇ ನಿರ್ಣಯದ ಬೆಂಬಲದಲ್ಲಿ ಹೊರಟ ಮಿತ್ರಪಡೆಗಳಿಗೆ ಇದ್ದದ್ದು ಒಂದೇ ಗುರಿ: ಇರಾಕಿನ ಸೇನೆಯನ್ನು ಕುವೈತಿನ ಗಡಿಯಾಚೆ ಅಟ್ಟುವುದು. ಜನವರಿ 17ರಂದು ವಾಯುದಾಳಿ ಆರಂಭವಾಯಿತು, ಫೆಬ್ರವರಿ 24ರಂದು ನೆಲದ ಕಾಳಗ. ನೂರು ಗಂಟೆಗಳಲ್ಲಿ ಅದು ಮುಗಿಯಿತು. ದೇಶ ಬಿಟ್ಟು ಹೋಗಿದ್ದ ಕುವೈತ್ ಸರ್ಕಾರ ಮರಳಿ ಬಂದು ಆಡಳಿತ ಹಿಡಿಯಿತು. ಹೊಸದಾಗಿ ಏನನ್ನೂ ಕಟ್ಟಬೇಕಾಗಿರಲಿಲ್ಲ. 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನಲ್ಲಿ ಬಾಡಿಗೆ ಬಂಟರು ಅಧ್ಯಕ್ಷ ಗಯೂಮ್ ಅವರನ್ನು ಉರುಳಿಸಲು ಹೊರಟಾಗಲೂ ಹಾಗೆಯೇ ಆಯಿತು. ಅದೇ ರಾತ್ರಿ ಭಾರತದ ಪ್ಯಾರಾಟ್ರೂಪರ್‌ಗಳು ಆಗ್ರಾದಿಂದ ಐಎಲ್-76 ವಿಮಾನಗಳಲ್ಲಿ ಹೊರಟು, ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹಾರಿ ಹುಲುಲೆ ವಿಮಾನ ನಿಲ್ದಾಣದಲ್ಲಿ ಇಳಿದರು. ಕೆಲವೇ ಗಂಟೆಗಳಲ್ಲಿ ಮಾಲೆ ನಗರ ಕೈಗೆ ಬಂತು. ಅಧ್ಯಕ್ಷರು ಬದುಕಿದ್ದರು, ಸಹಾಯ ಬೇಡಿದ್ದವರೂ ಅವರೇ. ಹೀಗಾಗಿ ಅಧಿಕಾರ ಯಾರ ಕೈಗೆ ಒಪ್ಪಿಸುವುದು ಎಂಬ ಪ್ರಶ್ನೆಯೇ ಏಳಲಿಲ್ಲ.

ನಿಜವಾಗಿ ಕಲಿಯಬೇಕಾದದ್ದು ಭಾರತದ್ದೇ ಇನ್ನೆರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಸಿಗುತ್ತದೆ: 1971ರ ಪೂರ್ವ ಪಾಕಿಸ್ತಾನ (ಇಂದಿನ ಬಾಂಗ್ಲಾದೇಶ) ಮತ್ತು 1987ರ ಶ್ರೀಲಂಕಾ. ಅದೇ ದೇಶ, ಅದೇ ಸೇನೆ, ನಡುವೆ ಬರೀ 16 ವರ್ಷ.

1970ರ ಡಿಸೆಂಬರ್ ಚುನಾವಣೆಯಲ್ಲಿ ಅವಾಮಿ ಲೀಗ್ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160 ಗೆದ್ದಿತ್ತು. ಅಂದರೆ ಯುದ್ಧಕ್ಕೆ ಒಂದು ವರ್ಷ ಮೊದಲೇ, ನಾಳೆ ಆಳಬೇಕಾದವರನ್ನು ಅಲ್ಲಿನ ಜನ ಮತ ಹಾಕಿ ಆರಿಸಿಯಾಗಿತ್ತು. 1971ರ ಏಪ್ರಿಲ್‌ನಲ್ಲಿ ಅವರದೇ ಸರ್ಕಾರ ದೇಶದ ಹೊರಗಿನಿಂದ ಕೆಲಸ ಶುರು ಮಾಡಿತು. ಅಲ್ಲಿನವರದೇ ಹೋರಾಟದ ಪಡೆಯಾದ ಮುಕ್ತಿವಾಹಿನಿ ತಿಂಗಳುಗಟ್ಟಲೆ ಒಳಗಿನಿಂದ ಹೋರಾಡಿ ದಾರಿ, ಸೇತುವೆ, ಶತ್ರು ಠಾಣೆಗಳ ಮಾಹಿತಿ ಕೊಡುತ್ತಿತ್ತು. ಭಾರತದ ಸೇನೆ ಮಳೆಗಾಲ ಮುಗಿದು ಬಂಗಾಳದ ಹೊಳೆಗಳು ಇಳಿಯುವವರೆಗೆ, ಚೀನಾ ಇಳಿದು ಬರಲಾಗದಂತೆ ಹಿಮಾಲಯದ ಕಣಿವೆಗಳನ್ನು ಹಿಮ ಮುಚ್ಚುವವರೆಗೆ ಕಾಯಿತು. ಡಿಸೆಂಬರ್ 3ರಂದು ಶುರುವಾದ ಯುದ್ಧ 16ರಂದು ಢಾಕಾದಲ್ಲಿ ಮುಗಿಯಿತು. ಸುಮಾರು 93,000 ಮಂದಿ ಸೆರೆಯಾದರು. ನನಗೆ ಇದೆಲ್ಲಕ್ಕಿಂತ ಮುಖ್ಯವಾಗಿ ಕಾಣುವ ತಾರೀಖು 1972ರ ಮಾರ್ಚ್. ಮೂರೇ ತಿಂಗಳಲ್ಲಿ ಭಾರತದ ಸೇನೆ ಢಾಕಾದಿಂದ ಹೊರಟಿತು. ಇನ್ನೆರಡು ವರ್ಷ ಅಲ್ಲೇ ಇದ್ದಿದ್ದರೆ ಬಿಡಿಸಲು ಬಂದವರೇ ಆಳಲು ಕೂತವರಾಗುತ್ತಿದ್ದರು.

ಶ್ರೀಲಂಕಾದಲ್ಲಿ ಇದರಲ್ಲಿ ಒಂದೂ ಇರಲಿಲ್ಲ. 1987ರ ಜುಲೈ 29ರ ಒಪ್ಪಂದಕ್ಕೆ ಸಹಿ ಹಾಕಿದ್ದು ಭಾರತ, ಶ್ರೀಲಂಕಾ ಎಂಬ ಎರಡು ಸರ್ಕಾರಗಳು; ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಸಹಿ ಹಾಕಿರಲಿಲ್ಲ. ಆಯುಧ ಒಪ್ಪಿಸಿಕೊಳ್ಳಲು ಹೋದ ಶಾಂತಿಪಾಲನಾ ಪಡೆ ಅಕ್ಟೋಬರ್ ಹೊತ್ತಿಗೆ ಜಾಫ್ನಾದ ಬೀದಿಗಳಲ್ಲಿ ಯುದ್ಧ ಮಾಡುತ್ತಿತ್ತು, ಅದೂ ಹಿಂದೆ ಭಾರತದಲ್ಲೇ ತರಬೇತಿ ಪಡೆದಿದ್ದವರ ವಿರುದ್ಧ. ಕೆಲಸದ ಸ್ವರೂಪ ಬದಲಾಯಿತು. ಆದರೆ ಆ ಹೊಸ ಕೆಲಸಕ್ಕೆ ಬೇಕಾದ ಮಾಹಿತಿ, ನಗರಯುದ್ಧದ ತಯಾರಿ, ಸ್ಪಷ್ಟ ಗುರಿ ಯಾವುದೂ ಜೊತೆಗೆ ಬರಲಿಲ್ಲ. ಸಿಂಹಳೀಯರಿಗೆ ಅದು ಪರಕೀಯ ಸೇನೆ, ತಮಿಳರಿಗೆ ತಮ್ಮ ಮನೆಗೆ ಗುಂಡು ಹಾರಿಸುವ ಸೇನೆ. ಹೊಸ ಅಧ್ಯಕ್ಷ ಪ್ರೇಮದಾಸ ‘ಹೊರಡಿ’ ಎಂದರು, ಅವರ ಸರ್ಕಾರವೇ ಎಲ್‌ಟಿಟಿಇಗೆ ಆಯುಧವನ್ನೂ ಕೊಟ್ಟಿತು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹಡಗು ಹತ್ತುವಷ್ಟರಲ್ಲಿ ಭಾರತ ಸುಮಾರು 1,200 ಯೋಧರನ್ನು ಕಳೆದುಕೊಂಡಿತ್ತು. ಆ ಸೈನಿಕರ ಶೌರ್ಯದಲ್ಲಿ ಕೊರತೆ ಇರಲಿಲ್ಲ. ಅವರು ಗೆದ್ದ ಊರನ್ನು ಒಪ್ಪಿಸಿಕೊಳ್ಳಲು ಆಚೆ ಕಡೆ ಯಾರೂ ಇರಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಬಂಡುಕೋರರ ನಡುವೆ ಒಂದು ದೇಶವನ್ನು ಶಾಂತವಾಗಿಡಲು ಪ್ರತಿ ಸಾವಿರ ಜನರಿಗೆ 20ರಿಂದ 25 ಭದ್ರತಾ ಸಿಬ್ಬಂದಿ ಬೇಕು ಎಂಬುದು ಅಮೆರಿಕದ ಸೇನಾ ಕೈಪಿಡಿಯೇ 2006ರಲ್ಲಿ ಬರೆದಿಟ್ಟ ಅಂದಾಜು. 1999ರಲ್ಲಿ ಕೊಸೊವೊದ ಜನಸಂಖ್ಯೆ ಸುಮಾರು 20 ಲಕ್ಷ, ಅಲ್ಲಿಗೆ ಹೋದ ನ್ಯಾಟೊ (ಪಾಶ್ಚಾತ್ಯ ದೇಶಗಳ ಸೇನಾ ಒಕ್ಕೂಟ) ಪಡೆ ಸುಮಾರು 50,000. ಅಂದಾಜಿಗೆ ಸರಿಹೊಂದುತ್ತದೆ. 2003ರ ಇರಾಕ್‌ನಲ್ಲಿ ಎರಡೂವರೆ ಕೋಟಿ ಜನ. ಬೇಕಾದದ್ದು 5 ಲಕ್ಷ ಸೈನಿಕರು, ಅಮೆರಿಕ ಇಟ್ಟಿದ್ದು ಸುಮಾರು ಒಂದೂವರೆ ಲಕ್ಷ. ಹಲವು ಲಕ್ಷ ಸೈನಿಕರು ಬೇಕಾಗುತ್ತಾರೆ ಎಂದು ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಶಿನ್ಸೆಕಿ ಯುದ್ಧಕ್ಕೆ ಮೊದಲೇ ಸಂಸತ್ತಿನ ಸಮಿತಿಯ ಮುಂದೆ ಹೇಳಿದ್ದರು. ಅವರ ಮೇಲಿನವರು ಅದನ್ನು ತಳ್ಳಿಹಾಕಿದರು. ಇದರ ಮೇಲೆ ಪಾಳಿಯ ಲೆಕ್ಕವೂ ಇದೆ. ಒಬ್ಬ ಸೈನಿಕ ರಣರಂಗದಲ್ಲಿದ್ದರೆ ಒಬ್ಬ ಆಗತಾನೇ ಮರಳಿರುತ್ತಾನೆ, ಇನ್ನೊಬ್ಬ ಹೊರಡುವ ತರಬೇತಿಯಲ್ಲಿರುತ್ತಾನೆ. ಒಂದು ಲಕ್ಷ ಜನರನ್ನು ವರ್ಷಗಟ್ಟಲೆ ಅಲ್ಲಿಡಲು ಮೂರು ಲಕ್ಷ ಜನರ ಸೇನೆ ಬೇಕು.

ಸಂಖ್ಯೆ ಸಾಲದಿದ್ದರೆ ಮೊದಲು ಹದಗೆಡುವುದು ಪಹರೆ. ಇರಾಕ್‌ನಲ್ಲಿ ಕಾವಲಿಲ್ಲದ ಶಸ್ತ್ರಾಗಾರಗಳು ಲೂಟಿಯಾದವು; ಅಲ್ಲಿನ ಫಿರಂಗಿ ಗುಂಡುಗಳೇ ಮುಂದೆ ರಸ್ತೆ ಬದಿಯ ಬಾಂಬುಗಳಾದವು. ಇದರ ಜೊತೆಗೆ 2003ರ ಮೇ ತಿಂಗಳಲ್ಲಿ ಅಮೆರಿಕ ಅಲ್ಲಿ ಕೂರಿಸಿದ್ದ ಆಡಳಿತ ಒಂದು ವಾರದ ಅಂತರದಲ್ಲಿ ಎರಡು ಆದೇಶ ಹೊರಡಿಸಿತು. ಮೊದಲನೆಯದು ಸದ್ದಾಂ ಹುಸೇನರ ಬಾತ್ ಪಕ್ಷದ ಮೇಲ್ದರ್ಜೆಯವರನ್ನು ಸರ್ಕಾರಿ ಕೆಲಸದಿಂದ ತೆಗೆಯಿತು, ಎರಡನೆಯದು ಇಡೀ ಸೇನೆಯನ್ನೇ ವಿಸರ್ಜಿಸಿತು. ಕಚೇರಿ ನಡೆಸಬಲ್ಲವರು ಮತ್ತು ಬಂದೂಕು ಹಿಡಿಯಬಲ್ಲವರು ಒಟ್ಟಿಗೆ ಸಂಬಳ ಕಳೆದುಕೊಂಡರು. ಪರರ ನೆಲದಲ್ಲಿ ಹೋಗಿ ಮಾಡಿದ ತಪ್ಪುಗಳಲ್ಲಿ ಇಷ್ಟು ದುಬಾರಿಯಾದದ್ದು ನನಗೆ ಇನ್ನೊಂದು ತೋರುವುದಿಲ್ಲ. ನಾಲ್ಕು ವರ್ಷದ ನಂತರ ಅದೇ ಅಮೆರಿಕ ಸುನ್ನಿ ಕಾವಲು ಪಡೆಗಳಿಗೆ ತಲೆಗೆ ತಿಂಗಳಿಗೆ ಸುಮಾರು 300 ಡಾಲರ್ ಕೊಟ್ಟು ತನ್ನ ಕಡೆ ಸೆಳೆದುಕೊಂಡಿತು. ಹಿಂಸೆ ಇಳಿಯಲು ಅದೂ ಒಂದು ದೊಡ್ಡ ಕಾರಣ.

ಅಫ್ಗಾನಿಸ್ತಾನದ ಕಥೆಯಲ್ಲಿ ಸೈನಿಕರ ಸಂಖ್ಯೆಗಿಂತ ಸರಬರಾಜಿನ ದಾರಿ ಮತ್ತು ಶತ್ರುವಿನ ಆಶ್ರಯ ಹೆಚ್ಚು ಮುಖ್ಯ. ಅಲ್ಲಿಗೆ ಸಮುದ್ರವಿಲ್ಲ. ಕರಾಚಿ ಬಂದರಿನಲ್ಲಿ ಇಳಿದ ಸರಕು ಪಾಕಿಸ್ತಾನವನ್ನು ಹಾದು ಖೈಬರ್ ಅಥವಾ ಚಮನ್ ಗಡಿದಾರಿಯ ಮೂಲಕ ಹೋಗಬೇಕು. ತಾಲಿಬಾನ್ ನಾಯಕರು ಆಶ್ರಯ ಪಡೆದಿದ್ದೂ ಅದೇ ಪಾಕಿಸ್ತಾನದಲ್ಲಿ. ತನ್ನ ಅನ್ನ ಬರುವ ದಾರಿ ಮತ್ತು ಶತ್ರು ಅಡಗುವ ಮನೆ ಒಂದೇ ದೇಶದ ಕೈಯಲ್ಲಿದ್ದರೆ ಆ ದೇಶದ ಮೇಲೆ ಒತ್ತಡ ಹೇರುವುದು ಹೇಗೆ? 2011ರ ನವೆಂಬರ್‌ನಲ್ಲಿ ಸಲಾಲಾ ಠಾಣೆಯ ಮೇಲೆ ನ್ಯಾಟೊ ದಾಳಿಯಾಗಿ ಪಾಕಿಸ್ತಾನಿ ಸೈನಿಕರು ಸತ್ತ ಮೇಲೆ ಆ ದಾರಿ ಏಳು ತಿಂಗಳು ಮುಚ್ಚಿತು. ಮಧ್ಯ ಏಷ್ಯಾದ ಸುತ್ತುದಾರಿಗೆ ತಿಂಗಳಿಗೆ ಸುಮಾರು 10 ಕೋಟಿ ಡಾಲರ್ ಹೆಚ್ಚುವರಿ ಖರ್ಚಾಯಿತು.

ಇನ್ನೊಂದು ತಪ್ಪು, ಸ್ಥಳೀಯ ಸೇನೆಯನ್ನು ಅಮೆರಿಕ ತನ್ನ ಅಚ್ಚಿನಲ್ಲೇ ಎರಕ ಹೊಯ್ದದ್ದು. ಅಫ್ಗಾನ್ ವಾಯುಪಡೆಗೆಂದು 54.9 ಕೋಟಿ ಡಾಲರ್ ವೆಚ್ಚದಲ್ಲಿ 20 ಜಿ-222 ಸಾಗಣೆ ವಿಮಾನಗಳ ಯೋಜನೆ ಹಾಕಿದರು. ಬಿಡಿಭಾಗ ಸಿಗದೆ ಅವು ನಿಂತಲ್ಲೇ ನಿಂತವು. ಕೊನೆಗೆ 16 ವಿಮಾನಗಳನ್ನು 40,257 ಡಾಲರ್‌ಗೆ ಗುಜರಿಗೆ ಹಾಕಲಾಯಿತು. ಅಫ್ಗಾನ್ ಮೆಕ್ಯಾನಿಕ್‌ಗಳ ಕೈಗೆ ಹತ್ತಿದ್ದ ರಷ್ಯದ ಎಂಐ-17 ಹೆಲಿಕಾಪ್ಟರ್‌ಗಳ ಜಾಗಕ್ಕೆ ವಿದೇಶಿ ಗುತ್ತಿಗೆದಾರರಿಲ್ಲದೆ ಹಾರದ ಅಮೆರಿಕದ ಬ್ಲ್ಯಾಕ್ ಹಾಕ್ ಬಂದವು. 2021ರಲ್ಲಿ ಗುತ್ತಿಗೆದಾರರು ಹೊರಟಾಗ ದುರಸ್ತಿ ನಿಂತಿತು. ವಿಮಾನ ಹಾರದಿದ್ದರೆ ದೂರದ ಠಾಣೆಗಳಿಗೆ ಮದ್ದುಗುಂಡು, ಊಟ, ಗಾಯಾಳುಗಳ ಸಾಗಣೆ ಯಾವುದೂ ಇಲ್ಲ. ಕಾಗದದ ಮೇಲಿದ್ದ ಮೂರು ಲಕ್ಷಕ್ಕೂ ಹೆಚ್ಚು ಸಿಬ್ಬಂದಿಯಲ್ಲಿ ಎಷ್ಟೋ ಮಂದಿ ಬರೀ ಹೆಸರು. ಅವರ ಸಂಬಳ ಅಧಿಕಾರಿಗಳ ಜೇಬಿಗೆ ಹೋಗುತ್ತಿತ್ತು. ಒಂದಾದ ಮೇಲೊಂದು ಠಾಣೆ ಶರಣಾಗಿದ್ದರಲ್ಲಿ ಹೇಡಿತನಕ್ಕಿಂತ ಈ ಹಸಿವು ಮತ್ತು ಖಾಲಿ ಬಂದೂಕಿನ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ. ಸೋವಿಯತ್ ಸೇನೆ 1989ರ ಫೆಬ್ರವರಿ 15ರಂದು ಅದೇ ಅಫ್ಗಾನಿಸ್ತಾನದಿಂದ ಹೊರಟ ಮೇಲೂ ಅದರ ಬೆಂಬಲದ ನಜೀಬುಲ್ಲಾ ಸರ್ಕಾರ 1992ರ ಏಪ್ರಿಲ್‌ವರೆಗೆ ಉಳಿದಿತ್ತು ಎನ್ನುವುದನ್ನು ಮರೆಯಬೇಡಿ. ಇಂಧನ, ಧಾನ್ಯ, ಮದ್ದುಗುಂಡು ಬರುತ್ತಿದ್ದಷ್ಟು ದಿನ ಅದು ನಿಂತಿತು. ಸೋವಿಯತ್ ಒಕ್ಕೂಟವೇ ಕುಸಿದು ನೆರವು ಬತ್ತಿದ ಕೆಲವೇ ತಿಂಗಳಲ್ಲಿ ಬಿತ್ತು.

ಖರ್ಚಿನ ವಿಷಯದಲ್ಲಿ ಯಾವ ಸಂಖ್ಯೆಯನ್ನು ಓದುತ್ತಿದ್ದೀರಿ ಎಂದು ಮೊದಲು ನೋಡಿಕೊಳ್ಳಿ. ಅಫ್ಗಾನಿಸ್ತಾನಕ್ಕೆ ಅಮೆರಿಕದ ರಕ್ಷಣಾ ಇಲಾಖೆಯ ಯುದ್ಧವೆಚ್ಚ ಸುಮಾರು 83,700 ಕೋಟಿ ಡಾಲರ್, ಪುನರ್ನಿರ್ಮಾಣಕ್ಕೆ ಬೇರೆಯಾಗಿ 14,500 ಕೋಟಿ. ಸಾಲದ ಬಡ್ಡಿ, ಗಾಯಗೊಂಡ ಯೋಧರ ಚಿಕಿತ್ಸೆ ಮುಂತಾದವನ್ನೂ ಸೇರಿಸಿ ಬ್ರೌನ್ ವಿಶ್ವವಿದ್ಯಾಲಯದವರು ಹಾಕಿದ ಲೆಕ್ಕ 2.3 ಲಕ್ಷ ಕೋಟಿ ಡಾಲರ್. ಯೋಧರ ಆರೈಕೆಯ ಖರ್ಚು ಯುದ್ಧ ಮುಗಿದು ದಶಕಗಳ ನಂತರ ಶಿಖರ ಮುಟ್ಟುತ್ತದೆ; ಯುದ್ಧದ ಬಜೆಟ್‌ನಲ್ಲಿ ಅದು ಕಾಣುವುದೇ ಇಲ್ಲ. ಹೋಲಿಕೆಗೆ, 1991ರ ಕುವೈತ್ ಯುದ್ಧದ ಸುಮಾರು 6,100 ಕೋಟಿ ಡಾಲರ್‌ನಲ್ಲಿ 5,000 ಕೋಟಿಗೂ ಹೆಚ್ಚನ್ನು ಕುವೈತ್, ಸೌದಿ ಅರೇಬಿಯಾ, ಜಪಾನ್, ಜರ್ಮನಿ ಮೊದಲಾದ ದೇಶಗಳು ಭರಿಸಿದವು. ಗುರಿ ಎಲ್ಲರಿಗೂ ಒಪ್ಪಿಗೆಯಾಗಿದ್ದರೆ ಬಿಲ್ಲೂ ಹಂಚಿಹೋಗುತ್ತದೆ. ಜೀವಗಳ ಲೆಕ್ಕದಲ್ಲಿ ಭಾರ ಬೀಳುವುದು ಆ ನೆಲದವರ ಮೇಲೆ: ಅಫ್ಗಾನಿಸ್ತಾನದ ಇಪ್ಪತ್ತು ವರ್ಷದಲ್ಲಿ ಅಮೆರಿಕದ 2,400ಕ್ಕೂ ಹೆಚ್ಚು ಸೈನಿಕರು ಸತ್ತರು, ಅಫ್ಗಾನ್ ಸೈನಿಕರು ಮತ್ತು ಪೊಲೀಸರು ಕನಿಷ್ಠ 66,000.

‘ನೆಲಕ್ಕಿಳಿಯದೆ ಮೇಲಿಂದಲೇ ಬಾಂಬ್ ಹಾಕಿ ಮುಗಿಸೋಣ’ ಎಂಬ ಅಗ್ಗದ ಆಸೆಗೆ ಲಿಬಿಯಾ ಉತ್ತರ. 2011ರಲ್ಲಿ ಅಮೆರಿಕಕ್ಕೆ ಅಲ್ಲಿ ಆದ ಖರ್ಚು ಸುಮಾರು 110 ಕೋಟಿ ಡಾಲರ್ ಮಾತ್ರ. ಲಿಬಿಯಾವನ್ನು ಆಳುತ್ತಿದ್ದ ಗಡಾಫಿ ಅಕ್ಟೋಬರ್ 20ರಂದು ಸತ್ತರು, ನ್ಯಾಟೊ ಆ ತಿಂಗಳ ಕೊನೆಗೇ ಕಾರ್ಯಾಚರಣೆ ಮುಗಿಸಿತು. ಗಡಾಫಿಯ ಆಯುಧಾಗಾರಗಳಿಗೆ ಕಾವಲು ನಿಲ್ಲುವವರಿರಲಿಲ್ಲ. ಮುಂದಿನ ವರ್ಷವೇ ಆ ಬಂದೂಕುಗಳು ಮಾಲಿಯ ದಂಗೆಯಲ್ಲಿ ಕಾಣಿಸಿಕೊಂಡವು. ಅಲ್ಲಿಗೆ 2013ರಲ್ಲಿ ಫ್ರಾನ್ಸ್ ಸೇನೆ ಕಳಿಸಬೇಕಾಯಿತು, 2022ರಲ್ಲಿ ಹಿಂದೆಗೆಯಬೇಕಾಯಿತು. ಲಿಬಿಯಾ 2014ರಲ್ಲಿ ಮತ್ತೆ ಅಂತರ್ಯುದ್ಧಕ್ಕೆ ಬಿತ್ತು.

ಹಾಗಾದರೆ ಹೋಗಲೇಬಾರದೇ? ಇಲ್ಲಿ ನನಗೆ ರುವಾಂಡ ನೆನಪಾಗುತ್ತದೆ. 1994ರ ಏಪ್ರಿಲ್‌ನಲ್ಲಿ ಕೊಲೆಗಳು ಶುರುವಾದ ಮೇಲೆ ಭದ್ರತಾ ಮಂಡಳಿ ಅಲ್ಲಿದ್ದ ತನ್ನ ಪಡೆಯನ್ನು 270ಕ್ಕೆ ಇಳಿಸಲು ನಿರ್ಧರಿಸಿತು. ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನ ಸತ್ತರು. ಹೋಗದಿರುವುದಕ್ಕೂ ಬೆಲೆ ಇದೆ, ಅದನ್ನು ತೆರುವವರು ಬೇರೆಯವರು ಅಷ್ಟೆ. ವಿಯೆಟ್ನಾಂ 1979ರ ಜನವರಿಯಲ್ಲಿ ನೆರೆಯ ಕಾಂಬೋಡಿಯದಲ್ಲಿ ನರಮೇಧ ನಡೆಸಿದ್ದ ಪೋಲ್ ಪಾಟ್‌ನ ಆಡಳಿತವನ್ನು ಕೊನೆಗೊಳಿಸಿತು. ಅಲ್ಲಿನ ಜನರಿಗೆ ಅದು ಜೀವದಾನ. ವಿಯೆಟ್ನಾಂಗೆ ಸಿಕ್ಕಿದ್ದು ಮರುತಿಂಗಳೇ ಚೀನಾದ ದಾಳಿ, ಹತ್ತು ವರ್ಷದ ಗೆರಿಲ್ಲಾ ಯುದ್ಧ, ಆರ್ಥಿಕ ದಿಗ್ಬಂಧನ. ಯಾರ ಖಾತೆಯಲ್ಲಿ ಬರೆಯುತ್ತೀರಿ ಎಂಬುದರ ಮೇಲೆ ‘ಗಿಟ್ಟಿತೇ’ ಎಂಬ ಪ್ರಶ್ನೆಗೆ ಉತ್ತರ ಬದಲಾಗುತ್ತದೆ.

ಎರಡೂ ಖಾತೆಯಲ್ಲಿ ಗಿಟ್ಟಿದ ಒಂದು ಪ್ರಕರಣವನ್ನು ನೀವು ವಿವರವಾಗಿ ಓದಬೇಕೆಂದಿದ್ದರೆ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಹಿಡಿಯಿರಿ. 2000ದ ಮೇನಲ್ಲಿ ಆರ್‌ಯುಎಫ್ ಬಂಡುಕೋರರು ವಿಶ್ವಸಂಸ್ಥೆಯ ಸುಮಾರು 500 ಶಾಂತಿಪಾಲಕರನ್ನು ಒತ್ತೆ ಇಟ್ಟುಕೊಂಡಾಗ ಬ್ರಿಟನ್ ತನ್ನ ನಾಗರಿಕರನ್ನು ಕರೆತರಲೆಂದು ಸುಮಾರು 800 ಪ್ಯಾರಾಟ್ರೂಪರ್‌ಗಳನ್ನು ಕಳಿಸಿತು. ಅವರು ಲುಂಗಿ ವಿಮಾನ ನಿಲ್ದಾಣವನ್ನು ಹಿಡಿದು, ರಾಜಧಾನಿ ಫ್ರೀಟೌನ್ ಕೈತಪ್ಪದಂತೆ ನೋಡಿಕೊಂಡರು. ಅಲ್ಲಿ ಚುನಾಯಿತ ಸರ್ಕಾರವೊಂದು ಮೊದಲೇ ಇತ್ತು. ನಂತರ ವಿಶ್ವಸಂಸ್ಥೆಯ ಪಡೆ 17,500ರವರೆಗೆ ಬೆಳೆಯಿತು. ಆದರೂ ಸಾವಿರಕ್ಕೆ ನಾಲ್ಕರ ಆಸುಪಾಸು, ಕೈಪಿಡಿಯ ಅಂದಾಜಿನ ಐದನೇ ಒಂದು ಭಾಗ. ಅಷ್ಟು ಸಾಕಾದದ್ದಕ್ಕೆ ಕಾರಣ ಹೊರಗಿನ ದಾರಿ ಮುಚ್ಚಿದ್ದು: ಬಂಡುಕೋರರು ವಜ್ರ ಮಾರಿ ಆಯುಧ ತರಿಸುತ್ತಿದ್ದದ್ದು ಪಕ್ಕದ ಲೈಬೀರಿಯಾದ ಮೂಲಕ. ಮೊದಲು ವಜ್ರಕ್ಕೆ, ಆಮೇಲೆ ಲೈಬೀರಿಯಾಕ್ಕೆ ನಿರ್ಬಂಧ ಬಿತ್ತು. ಇನ್ನೊಂದು ಗಡಿಯಲ್ಲಿ ಗಿನಿಯ ಸೇನೆ ಅವರನ್ನು ಬಡಿಯಿತು. 2002ರ ಜನವರಿಯಲ್ಲಿ ಯುದ್ಧ ಮುಗಿದದ್ದಾಗಿ ಘೋಷಣೆಯಾಯಿತು. ಬ್ರಿಟಿಷರ ದೊಡ್ಡ ತುಕಡಿಗಳು ಅಷ್ಟರಲ್ಲಿ ಮರಳಿಯಾಗಿತ್ತು. ಅಲ್ಲಿನ ಸೇನೆಗೆ ಅದರ ಕೈಗೆಟುಕುವ ಸರಳ ಆಯುಧಗಳಲ್ಲೇ ತರಬೇತಿ ಕೊಡುವ ಒಂದು ಸಣ್ಣ ತಂಡ ಮಾತ್ರ 2013ರವರೆಗೂ ಉಳಿದಿತ್ತು.