ಗೆಗ್ ಮೂಲವೋ, ತೋಸ್ಕ್ ಮೂಲವೋ?

ಪ್ರಶ್ನೆ: ಅಲ್ಬೇನಿಯನ್ ಭಾಷೆಯ ಪಠ್ಯಪುಸ್ತಕಗಳು ದಕ್ಷಿಣದ ಉಪಭಾಷೆಯಾದ ತೋಸ್ಕ್ ಅನ್ನು ಆಧರಿಸಿವೆ. ಹಾಗಾದರೆ ಉತ್ತರದ ಉಪಭಾಷೆ ಗೆಗ್ ಅದರ ಕೆಟ್ಟ ರೂಪ ತಾನೇ?

ಅಲ್ಲ. ಎಷ್ಟು ಸಲ ಉತ್ತರಿಸಿದರೂ ಇದೇ ಪ್ರಶ್ನೆ ಬರುತ್ತದೆ. ತೋಸ್ಕ್‌ಗೆ ಶಿಷ್ಟಭಾಷೆಯ ಪಟ್ಟ ಗಟ್ಟಿಯಾದದ್ದು 1972ರ ತಿರಾನಾ ಕಾಗುಣಿತ ಸಮ್ಮೇಳನದಲ್ಲಿ. ಅದು ಆಡಳಿತದ ತೀರ್ಮಾನ, ವಂಶಾವಳಿಯಲ್ಲ. ಅಲ್ಬೇನಿಯನ್‌ನಲ್ಲಿ ಉಳಿದಿರುವ ಅತಿ ಹಳೆಯ ಪುಸ್ತಕ, ಪಾದ್ರಿ ಗ್ಯೋನ್ ಬುಜುಕು 1555ರಲ್ಲಿ ಬರೆದ ಪ್ರಾರ್ಥನಾ ಗ್ರಂಥ, ಇರುವುದೇ ಗೆಗ್‌ನಲ್ಲಿ.

ಹಳೆಯದು ಯಾವುದೆಂದು ಧ್ವನಿಗಳನ್ನೇ ಕೇಳಬೇಕು. ದ್ರಾಕ್ಷಾರಸಕ್ಕೆ ಲ್ಯಾಟಿನ್‌ನಲ್ಲಿ 'ವೀನುಂ'. ಎರಡು ಉಪಭಾಷೆಗಳ ಗಡಿಯಾದ ಶ್ಕುಂಬಿನ್ ನದಿಯ ಉತ್ತರಕ್ಕೆ ಅದು 'ವೆನ', ದಕ್ಷಿಣಕ್ಕೆ 'ವೆರ'. ವ್ಲೋನ ಎಂಬ ಊರು ದಕ್ಷಿಣದವರ ಬಾಯಲ್ಲಿ ವ್ಲೋರ. ಸ್ವರಗಳ ನಡುವಿನ ನಕಾರವನ್ನು ತೋಸ್ಕ್ ರಕಾರ ಮಾಡಿತು, ಗೆಗ್ ಉಳಿಸಿಕೊಂಡಿತು. ಆದರೆ ಸ್ಲಾವಿಕ್‌ನಿಂದ ಬಂದ 'ಜಕೋನ್' (ಕಟ್ಟಳೆ) ಎರಡೂ ಕಡೆ ನಕಾರದಲ್ಲೇ ಇದೆ. ಅಂದರೆ ಲ್ಯಾಟಿನ್ ಪದಗಳು ಬಂದ ಮೇಲೆ, ಸ್ಲಾವಿಕ್ ಪದಗಳು ಹೊಕ್ಕುವ ಮೊದಲು ಈ ಬದಲಾವಣೆ ಮುಗಿದಿತ್ತು. ಉಪಭಾಷೆಗಳು ಕವಲೊಡೆದದ್ದು ಅಷ್ಟು ಹಿಂದೆ.

ಇಷ್ಟಕ್ಕೇ 'ಗೆಗ್ಗೇ ಶುದ್ಧ' ಎಂದು ಹೊರಡಬೇಡಿ. ಹಲ್ಲಿಗೆ ತೋಸ್ಕ್‌ನಲ್ಲಿ 'ಧಂಬ್', ಗೆಗ್‌ನ ಹಲವೆಡೆ 'ಧಾಮ್'. ಸಂಸ್ಕೃತದ 'ಜಂಭ'ದ ಜೊತೆಗಿಟ್ಟು ನೋಡಿ: ಇಲ್ಲಿ ಹಳೆಯ ಬಕಾರ ಉಳಿದಿರುವುದು ತೋಸ್ಕ್‌ನಲ್ಲಿ. ಒಂದೊಂದು ವಿಷಯದಲ್ಲಿ ಒಂದೊಂದು ಹಳೆಯದು. ಎರಡಕ್ಕೂ ತಾಯಿ ಬೇರೆಯೇ ಇತ್ತು.

ಪ್ರಶ್ನೆ: ಹಾಗಾದರೆ ಅಲ್ಬೇನಿಯನ್ ಹುಟ್ಟಿದ್ದು ಸಂಸ್ಕೃತದಿಂದಲೇ?

ಇಲ್ಲ. ಎರಡೂ ಒಂದೇ ಇಂಡೋ-ಯುರೋಪಿಯನ್ ಮನೆತನದವು. ಅಲ್ಬೇನಿಯನ್ನದು ಅಲ್ಲಿ ಪ್ರತ್ಯೇಕ ಕವಲು.

ಪ್ರಶ್ನೆ: ಅಲ್ಬೇನಿಯನ್ ಪ್ರಾಚೀನ ಇಲಿರಿಯನ್ ಭಾಷೆಯ ನೇರ ಮಗಳು ಎನ್ನುತ್ತಾರಲ್ಲ?

ಇರಬಹುದು, ಸಾಬೀತಾಗಿಲ್ಲ. ಬಾಲ್ಕನ್‌ನ ಇಲಿರಿಯನ್‌ದು ಹೆಸರುಗಳು, ಬೆರಳೆಣಿಕೆಯ ಪದಗಳು ಬಿಟ್ಟರೆ ಒಂದು ವಾಕ್ಯವೂ ಉಳಿದಿಲ್ಲ. 'ಪೆಲಾಸ್ಗಿಯನ್ (ಗ್ರೀಕರಿಗೂ ಮೊದಲು ಅಲ್ಲಿದ್ದರೆನ್ನುವ ಜನರ) ಶಾಸನವನ್ನು ಅಲ್ಬೇನಿಯನ್‌ನಲ್ಲಿ ಓದಿದೆ' ಎನ್ನುವವರನ್ನಂತೂ ಹತ್ತಿರ ಸೇರಿಸಬೇಡಿ. ಇಂದಿನ ಪದವನ್ನು ಮನಬಂದಂತೆ ತುಂಡರಿಸಿ ಕಲ್ಲಿನ ಮೇಲಿನ ಅಕ್ಷರಕ್ಕೆ ಹೊಂದಿಸುವುದು ಭಾಷಾಶಾಸ್ತ್ರವಲ್ಲ, ಮೋಸ.

ಪ್ರಶ್ನೆ: ಕೊಸೊವೊಗೆ ಕೆಲಸಕ್ಕೆ ಹೊರಟಿದ್ದೇನೆ. ಯಾವುದನ್ನು ಕಲಿಯಲಿ?

ಓದು-ಬರಹಕ್ಕೆ ಶಿಷ್ಟರೂಪವನ್ನೇ ಕಲಿಯಿರಿ, ಅಲ್ಲೂ ಅದೇ ನಡೆಯುತ್ತದೆ. ಆದರೆ ಬೀದಿಯ ಮಾತು ಗೆಗ್. 'ಕೆಲಸ ಮಾಡಲು' ಎಂಬುದಕ್ಕೆ ಪುಸ್ತಕದಲ್ಲಿ 'ಪರ್ ತ ಪುನುವಾರ್', ಅಲ್ಲಿನವರ ಬಾಯಲ್ಲಿ 'ಮೆ ಪುನು' ಅಥವಾ 'ಮೆ ಪುನುಎ'. ಕ್ರಿಯಾಪದಕ್ಕೆ ಮೊದಲು ಬರುವ ಈ 'ಮೆ'ಯನ್ನು ಮೊದಲ ವಾರವೇ ಕಿವಿಗೆ ರೂಢಿ ಮಾಡಿಕೊಳ್ಳಿ.