ಕೈಲಿ ಕೂಸು, ಎದುರಿಗೆ ಎಂಬೆಸಿ ಗೇಟು: ಸಾಮಾನು ಎಲ್ಲಿಡೋದು?

ಪ್ರಶ್ನೆ: ನಮಸ್ತೆ ಮೇಡಂ. ನನ್ನ ಮಗಳಿಗೆ ಈಗ ಏಳು ತಿಂಗಳು. ಯಜಮಾನ್ರು ಆಗ್ಲೇ ಹೊರದೇಶದಲ್ಲಿದಾರೆ, ನಂಗೂ ಮಗುಗೂ ವೀಸಾ ಇಂಟರ್‌ವ್ಯೂ ಇದೆ, ಬೆಳಿಗ್ಗೆ ಎಂಟೂವರೆಗೇ. ನಾವಿರೋ ಊರಲ್ಲಿ ಎಂಬೆಸಿ ಇಲ್ಲ, ಅದ್ಕೆ ರಾತ್ರಿ ಹೊರಟು ಬೆಳಿಗ್ಗೆ ಇಳಿದು ಸೀದಾ ಅಲ್ಲಿಗೇ ಹೋಗೋಣ ಅನ್ಕೊಂಡಿದ್ದೆ. ಈಗ ಅಪಾಯಿಂಟ್‌ಮೆಂಟ್ ಲೆಟರ್ ಸರಿಯಾಗಿ ಓದಿದ್ರೆ ಫೋನ್ ಬಿಡಲ್ಲ, ಲ್ಯಾಪ್‌ಟಾಪ್ ಬಿಡಲ್ಲ, ದೊಡ್ಡ ಬ್ಯಾಗ್ ಬಿಡಲ್ಲ, ಇಟ್ಟುಕೊಳ್ಳೋಕೆ ನಮ್ಮಲ್ಲಿ ಜಾಗ ಇಲ್ಲ ಅಂತ ಬರ್ದಿದೆ. ಸೂಟ್‌ಕೇಸು, ಸ್ಟ್ರಾಲರು, ಮಗು ಬ್ಯಾಗು, ಫೋನು ಇಷ್ಟನ್ನೂ ಎಲ್ಲಿ ಬಿಡ್ಲಿ? ಗೇಟ್ ಹತ್ರ ಇರೋ ಅಂಗಡಿಯವರು ಇಟ್ಕೋತಾರೆ ಅಂತ ಯಾರೋ ಹೇಳಿದ್ರು, ನಂಬಬಹುದಾ?

ಉತ್ತರ: ಅಂಗಡಿ ವಿಷಯ ಮೊದ್ಲು ಹೇಳಿಬಿಡ್ತೀನಿ. ಸೂಟ್‌ಕೇಸ್ ಬೇಕಾದ್ರೆ ಇಡಿ, ಫೋನ್ ಮಾತ್ರ ಕೊಡಬೇಡಿ. ನಿಮ್ಮ ಬ್ಯಾಂಕು, ಮೇಲು, ಯಜಮಾನ್ರ ನಂಬರು, ವಾಪಸ್ ಹೋಗೋ ಟಿಕೆಟ್ಟು ಎಲ್ಲಾ ಅದ್ರಲ್ಲೇ ಇರತ್ತೆ, ಅದನ್ನ ಹೆಸರೂ ಗೊತ್ತಿಲ್ಲದವರ ಕೈಗೆ ಕೊಟ್ಟು ಒಳಗೆ ಹೋದ್ರೆ ಆಫೀಸರ್ ಕೇಳೋ ಪ್ರಶ್ನೆ ಮೇಲೆ ನಿಮ್ಮ ಮನಸ್ಸು ನಿಲ್ಲೋದಿಲ್ಲ. ಇಡಲೇಬೇಕಾದ ಪರಿಸ್ಥಿತಿ ಬಂತು ಅಂದ್ರೆ ನಂಬರ್ ಇರೋ ಟೋಕನ್ ಅಥವಾ ಚೀಟಿ ಕೊಡೋ ಜಾಗದಲ್ಲೇ ಇಡಿ, ಫೋನ್ ಸ್ವಿಚ್ ಆಫ್ ಮಾಡಿ ಬ್ಯಾಗೊಳಗೆ ಹಾಕಿ ಬ್ಯಾಗಿಗೆ ಬೀಗ ಹಾಕಿ, ಮತ್ತೆ ಎಷ್ಟು ಗಂಟೆಗೆ ಮುಚ್ತೀರಿ ಅಂತ ಬಾಯ್ಬಿಟ್ಟು ಕೇಳಿ. ಎಂಬೆಸಿ ಒಳಗೆ ಎಷ್ಟು ಹೊತ್ತಾಗತ್ತೆ ಅಂತ ಯಾರೂ ಹೇಳಕ್ಕಾಗಲ್ಲ, ನೀವು ಹೊರಗೆ ಬರೋಷ್ಟ್ರಲ್ಲಿ ಶಟರ್ ಎಳೆದಿದ್ರೆ ಮಗು ಎತ್ಕೊಂಡು ಎಲ್ಲಿ ನಿಲ್ತೀರಿ?

ಆದ್ರೆ ನಾನು ನಿಜವಾಗ್ಲೂ ಹೇಳೋದು, ರಾತ್ರಿ ಪ್ರಯಾಣದ ಪ್ಲಾನೇ ಬದಲಾಯಿಸಿ. ಹಿಂದಿನ ದಿನವೇ ಹೋಗಿ ಎಂಬೆಸಿಗೆ ಆದಷ್ಟು ಹತ್ರ ಒಂದು ರೂಮ್ ತಗೊಳ್ಳಿ. ದುಡ್ಡು ಜಾಸ್ತಿ ಆಗತ್ತೆ, ಗೊತ್ತು. ಆದ್ರೆ ಆ ರೂಮೇ ನಿಮ್ಮ ಲಾಕರ್ರು, ಮಗು ಮಲಗೋ ಜಾಗ, ಬೆಳಿಗ್ಗೆ ಸ್ನಾನ ಮಾಡಿಸಿ ಹಾಲು ಕುಡಿಸೋ ಜಾಗ ಎಲ್ಲಾ. ರಾತ್ರಿಯಿಡೀ ಪ್ರಯಾಣ ಮಾಡಿದ ಏಳು ತಿಂಗಳ ಕೂಸನ್ನ ಸೀದಾ ಕ್ಯೂನಲ್ಲಿ ನಿಲ್ಲಿಸಿಕೊಂಡ್ರೆ ಅದು ಅಳದೇ ಇನ್ನೇನು ಮಾಡೀತು. ಬುಕ್ ಮಾಡೋವಾಗ್ಲೇ ಫೋನ್ ಮಾಡಿ ಎರಡು ಮಾತು ಕೇಳ್ಕೊಳ್ಳಿ: ಚೆಕ್‌ಔಟ್ ಸ್ವಲ್ಪ ತಡ ಮಾಡಬಹುದಾ, ಇಲ್ದಿದ್ರೆ ಚೆಕ್‌ಔಟ್ ಆದ್ಮೇಲೆ ಮಧ್ಯಾಹ್ನದ ತನಕ ಲಗೇಜ್ ರಿಸೆಪ್ಷನ್ನಲ್ಲಿ ಇಟ್ಕೋತೀರಾ. ಉಳ್ಕೊಂಡವರ ಲಗೇಜನ್ನ ಬಹುತೇಕ ಹೋಟೆಲುಗಳು ಇಟ್ಕೋತಾವೆ, ಆದ್ರೂ ಮೊದ್ಲೇ ಕೇಳಿಟ್ಟುಕೊಂಡಿದ್ರೆ ಬೆಳಿಗ್ಗೆ ಗಡಿಬಿಡೀಲಿ ವಾದ ಮಾಡೋದು ತಪ್ಪತ್ತೆ. ಎಂಬೆಸಿ ಮುಗಿದ ಮೇಲೆ ವಾಪಸ್ ಬರೋಕೆ ಕೈಲಿ ಫೋನ್ ಇರಲ್ಲ ಅನ್ನೋದು ನೆನಪಿರ್ಲಿ, ಆಪ್‌ನಲ್ಲಿ ಕ್ಯಾಬ್ ಕರೆಯಕ್ಕಾಗಲ್ಲ, ಅದ್ಕೇ ನಡೆದು ಬರೋಷ್ಟು ಹತ್ರ ಇರಲಿ ಅಂದಿದ್ದು. ಹೋಟೆಲ್ ವಿಳಾಸ ಇರೋ ಕಾರ್ಡ್ ಒಂದು ಫೈಲಲ್ಲಿ ಇರಲಿ.

ಹಿಂದಿನ ದಿನ ಹೋಗೋಕೆ ಆಗೋದೇ ಇಲ್ಲ ಅಂದ್ರೆ ನೀವು ಇಳಿಯೋ ಸ್ಟೇಷನ್ನಲ್ಲೋ ಏರ್‌ಪೋರ್ಟಲ್ಲೋ ಲಗೇಜ್ ಇಡೋ ಕೌಂಟರ್ ಇದೆಯಾ ನೋಡಿ. ಅದು ಎಷ್ಟು ಗಂಟೆಗೆ ತೆಗೀತಾರೆ ಅನ್ನೋದೇ ಮುಖ್ಯ, ಎಂಟೂವರೆ ಅಪಾಯಿಂಟ್‌ಮೆಂಟಿಗೆ ಒಂಬತ್ತಕ್ಕೆ ತೆಗೆಯೋ ಕೌಂಟರ್ ಇದ್ದೂ ಇಲ್ಲದ ಹಾಗೇ. ಬೀಗ ಇಲ್ಲದ ಬ್ಯಾಗ್ ತಗೊಳ್ಳದ ಕಡೆಗಳೂ ಇವೆ, ಎಲೆಕ್ಟ್ರಾನಿಕ್ಸ್ ಬೇಡ ಅನ್ನೋ ಕಡೆಗಳೂ ಇವೆ. ಎಲ್ಲೇ ಇಟ್ರೂ ಒಡವೆ ಮತ್ತೆ ಒರಿಜಿನಲ್ ದಾಖಲೆ ಆ ಬ್ಯಾಗಲ್ಲಿ ಇರಬಾರದು. ಮಗುವಿನ ಜನನ ಪ್ರಮಾಣಪತ್ರ, ಮದುವೆ ಸರ್ಟಿಫಿಕೇಟು, ಪಾಸ್‌ಪೋರ್ಟು ಇವು ನಿಮ್ಮ ಕೈ ಬಿಟ್ಟು ಎಲ್ಲೂ ಹೋಗಬಾರದು, ಈ ಸಲ ಕೇಳಲ್ಲ ಅನ್ಸಿದ್ರೂ ಕೂಡ.

ಇದೆಲ್ಲಕ್ಕಿಂತ ಒಳ್ಳೇ ಲಾಕರ್ ಅಂದ್ರೆ ಒಬ್ಬ ಮನುಷ್ಯ. ಅಮ್ಮನೋ, ತಮ್ಮನೋ, ನಾದಿನಿನೋ, ಯಾರಾದ್ರೂ ಒಬ್ಬರು ಜೊತೆಗೆ ಬಂದು ಹೊರಗಿದ್ರೆ ಫೋನು ಸ್ಟ್ರಾಲರು ಎಲ್ಲಾ ಅವರ ಹತ್ರ. ಎಂಬೆಸಿ ಗೋಡೆ ಪಕ್ಕ ಸಾಮಾನ್ಯವಾಗಿ ನಿಲ್ಲೋಕೆ ಬಿಡಲ್ಲ, ಅದ್ಕೆ ಹಿಂದಿನ ದಿನ ಅಥವಾ ಬೆಳಿಗ್ಗೆ ಸ್ವಲ್ಪ ಬೇಗ ಹೋಗಿ ನೆರಳು, ಕೂರೋ ಜಾಗ, ಟಾಯ್ಲೆಟ್ ಮೂರೂ ಇರೋ ಒಂದು ಹೋಟೆಲ್ಲೋ ಕೆಫೆಯೋ ಗುರುತು ಮಾಡ್ಕೊಳ್ಳಿ. ನಾನು ಹೊರಗೆ ಬಂದು ಇಲ್ಲಿಗೇ ಬರ್ತೀನಿ, ನೀವು ಇಲ್ಲಿಂದ ಏಳಬೇಡಿ ಅಂತ ಮಾತಾಡ್ಕೊಂಡು ಹೋಗಿ. ಫೋನ್ ಇಲ್ದಿದ್ದಾಗ ಒಬ್ಬರನ್ನೊಬ್ಬರು ಹುಡುಕಿಕೊಂಡು ಎರಡು ಕಡೆ ಓಡಾಡೋದೇ ಆಗತ್ತೆ, ಸಾಮಾನು ಇಡೋದಕ್ಕಿಂತ ಇದು ದೊಡ್ಡ ತಲೆನೋವು, ಯಾರೂ ಮೊದ್ಲೇ ಯೋಚನೆ ಮಾಡಲ್ಲ.

ಇನ್ನು ಒಳಗೆ ಏನು ತಗೊಂಡು ಹೋಗೋದು. ದಾಖಲೆಗೆ ಒಂದು ಪಾರದರ್ಶಕ ಫೈಲು, ಮಗುಗೆ ಒಂದು ಸಣ್ಣ ಬಟ್ಟೆ ಚೀಲ, ಅಷ್ಟೇ. ಚೀಲದಲ್ಲಿ ಮೂರ್ನಾಲ್ಕು ಡೈಪರು, ವೈಪ್ಸು, ಒಂದು ಜೊತೆ ಬಟ್ಟೆ, ಹೆಗಲ ಮೇಲೆ ಹಾಕ್ಕೊಳ್ಳೋ ಟವಲ್ಲು, ಒಂದು ಹೊತ್ತಿನ ಹಾಲು ಅಥವಾ ಊಟ ಮತ್ತೆ ತಡ ಆದ್ರೆ ಅಂತ ಇನ್ನೊಂದು ಹೊತ್ತಿಂದು. ಗೋಂದು ಹಾಕಿ ಮುಚ್ಚಿದ ಕವರ್ ಬೇಡ, ಅದನ್ನ ತಡೀತಾರೆ. ಸದ್ದು ಮಾಡೋ, ಲೈಟ್ ಹತ್ತೋ ಆಟದ ಸಾಮಾನೂ ಬೇಡ, ಬ್ಯಾಟರಿ ಇದೆ ಅಂತ ತೆಗೆದಿಟ್ರೆ ಮಗು ಅದಕ್ಕೇ ಅಳತ್ತೆ, ಬಟ್ಟೆ ಗೊಂಬೆ ಸಾಕು. ಸ್ಟ್ರಾಲರ್ ಬದಲು ಎದೆಗೆ ಕಟ್ಟಿಕೊಳ್ಳೋ ಕ್ಯಾರಿಯರ್ ತಗೊಳ್ಳಿ, ಆದ್ರೆ ಸೆಕ್ಯುರಿಟೀಲಿ ಮಗುನ ಹೊರಗೆ ತೆಗೀರಿ ಅನ್ನಬಹುದು, ನೀವು ಒಬ್ಬರೇ ಬೇರೆ ಅಲ್ವಾ, ಹಿಂದೆ ಬೆನ್ನ ಮೇಲೆ ಬಕಲ್ ಇದ್ದು ಇನ್ನೊಬ್ಬರು ಬಿಚ್ಚಬೇಕಾದ ತರದ್ದು ಬೇಡ. ಮನೇಲೇ ಒಂದೇ ಕೈಲಿ ಬಿಚ್ಚಿ ಕಟ್ಟಿ ಅಭ್ಯಾಸ ಮಾಡ್ಕೊಳ್ಳಿ.

ಪುಡಿ ಹಾಲು ಕೊಡ್ತಿದ್ರೆ ಒಂದು ಲೆಕ್ಕ ಇದೆ. ಕಲಸಿದ ಹಾಲನ್ನ 2 ಗಂಟೆಯೊಳಗೆ ಕುಡಿಸಬೇಕು, ಮಗು ಬಾಯಿ ಇಟ್ಟ ಮೇಲೆ 1 ಗಂಟೆ, ಆಮೇಲೆ ಉಳಿದಿದ್ದು ಚೆಲ್ಲಬೇಕು. ಅಂದ್ರೆ ಬೆಳಿಗ್ಗೆ ಆರಕ್ಕೆ ಕಲಸಿದ ಬಾಟಲಿನ ಹತ್ತು ಗಂಟೆಗೆ ಕೊಡೋ ಹಾಗಿಲ್ಲ. ಪುಡಿ ಬೇರೆ, ನೀರು ಬೇರೆ ತಗೊಂಡು ಹೋಗೋಣ ಅಂದ್ರೆ ವಿಶ್ವ ಆರೋಗ್ಯ ಸಂಸ್ಥೆ ನೀರು ಕನಿಷ್ಠ 70 ಡಿಗ್ರಿ ಬಿಸಿ ಇರುವಾಗ ಪುಡಿ ಕಲಸಿ ಆಮೇಲೆ ಆರಿಸಿ ಕೊಡಿ ಅನ್ನತ್ತೆ, ಕ್ಯೂನಲ್ಲಿ ಅದು ಕಷ್ಟ. ಕುಡಿಸೋಕೆ ರೆಡಿಯಾಗೇ ಬರೋ ಸೀಲ್ ಮಾಡಿದ ದ್ರವ ಫಾರ್ಮುಲಾ ಸಿಕ್ಕಿದ್ರೆ ಆ ಒಂದು ದಿನಕ್ಕೆ ಅದೇ ಸಲೀಸು, ಆದ್ರೆ ಎರಡು ದಿನ ಮುಂಚೆ ಮನೇಲಿ ಒಂದ್ಸಲ ಕೊಟ್ಟು ನೋಡಿ, ಮಗುಗೆ ಒಗ್ಗತ್ತೋ ಇಲ್ವೋ ಅನ್ನೋದು ಎಂಬೆಸೀಲಿ ಗೊತ್ತಾಗೋದು ಬೇಡ. ನಿಮ್ಮ ಹಾಲೇ ಕುಡಿಯೋ ಮಗು ಆದ್ರೆ ಈ ತಾಪತ್ರಯ ಯಾವುದೂ ಇಲ್ಲ, ಒಂದು ಶಾಲು ಇರಲಿ ಸಾಕು.

ಫೋನಲ್ಲಿರೋದನ್ನೆಲ್ಲಾ ಕಾಗದಕ್ಕೆ ಇಳಿಸಿ. ಅಪಾಯಿಂಟ್‌ಮೆಂಟ್ ಲೆಟರು, ಅರ್ಜಿಯ ಕನ್ಫರ್ಮೇಶನ್ನು, ಫೀಸ್ ಕಟ್ಟಿದ ರಸೀದಿ, ಯಜಮಾನ್ರ ವೀಸಾ ಮತ್ತು ಕೆಲಸದ ಪತ್ರ, ನಾಲ್ಕೈದು ಫೋನ್ ನಂಬರು. ಮೇಲಲ್ಲಿದೆ ಸಾರ್ ತೋರಿಸ್ತೀನಿ ಅನ್ನೋಕೆ ಅಲ್ಲಿ ಫೋನೇ ಇರಲ್ಲ. ಕೈಗೆ ಒಂದು ಮಾಮೂಲಿ ಮುಳ್ಳಿನ ವಾಚ್ ಕಟ್ಕೊಳ್ಳಿ (ಸ್ಮಾರ್ಟ್‌ವಾಚೂ ಬಿಡಲ್ಲ), ಹಾಲು ಕುಡಿಸಿ ಎಷ್ಟು ಹೊತ್ತಾಯ್ತು ಅಂತ ಗೊತ್ತಾಗಬೇಕಲ್ಲ. ಸ್ವಲ್ಪ ನಗದು ಇರಲಿ, ಓಟಿಪಿ ಬೇಕಾಗೋ ಪೇಮೆಂಟ್ ಯಾವುದೂ ಅಲ್ಲಿ ನಡೆಯಲ್ಲ.

ಪ್ರಶ್ನೆ: ನಂಗೂ ನಮ್ಮವರಿಗೂ ಒಂದೇ ದಿನ ಇಂಟರ್‌ವ್ಯೂ, ಐದು ತಿಂಗಳ ಮಗನ ಅರ್ಜಿ ಈಗ ಹಾಕ್ತಿಲ್ಲ. ಅವನನ್ನ ಅತ್ತೆ ಹೊರಗೆ ನೋಡ್ಕೋತಾರೆ. ಎದೆಹಾಲು ತೆಗೆದು ಕೊಟ್ಟು ಹೋಗ್ತೀನಿ, ಎಷ್ಟು ಹೊತ್ತು ಇಡಬಹುದು? ಒಳಗೆ ತುಂಬಾ ತಡ ಆದ್ರೆ ಅಂತ ಎಲೆಕ್ಟ್ರಿಕ್ ಬ್ರೆಸ್ಟ್ ಪಂಪ್ ತಗೊಂಡು ಹೋಗಬಹುದಾ? ನನ್ನ ಸ್ನೇಹಿತೆಯೊಬ್ಬಳ ಪಂಪನ್ನ ಗೇಟಲ್ಲಿ ಟ್ರೇ ಮೇಲೆ ಬಿಚ್ಚಿಸಿ, ವೈರು ಮೋಟರು ನೋಡಿ ಇದು ಒಳಗೆ ಹೋಗಲ್ಲ ಅಂದ್ರಂತೆ, ಹಿಂದೆ ಕ್ಯೂನಲ್ಲಿದ್ದವರ ಮುಂದೆ ಅವಳಿಗೆ ಅಳುನೇ ಬಂತಂತೆ.

ಉತ್ತರ: ನಿಮ್ಮ ಸ್ನೇಹಿತೆಗೆ ಆಗಿದ್ದು ಓದಿ ಬೇಜಾರಾಯ್ತು, ಯಾವ ತಾಯಿಗೂ ಆ ಪರಿಸ್ಥಿತಿ ಬರಬಾರದು. ಎಲೆಕ್ಟ್ರಿಕ್ ಪಂಪ್ ಅವರ ಲೆಕ್ಕದಲ್ಲಿ ಎಲೆಕ್ಟ್ರಾನಿಕ್ ಸಾಮಾನೇ. ಮೋಟರ್ ಇಲ್ಲದ, ಕೈಲಿ ಒತ್ತೋ ಪಂಪ್ ಸಿಗತ್ತೆ, ಅದಕ್ಕೆ ತಕರಾರು ಬರೋದು ಕಮ್ಮಿ. ಆದ್ರೂ ಇವತ್ತೇ ಎಂಬೆಸಿಗೆ ಒಂದು ಮೇಲ್ ಹಾಕಿ: ನಾನು ಹಾಲುಣಿಸೋ ತಾಯಿ, ಮಗು ಹೊರಗಿರತ್ತೆ, ಮ್ಯಾನುಯಲ್ ಪಂಪ್ ತರಬಹುದಾ, ಇಲ್ಲಾ ಮಗುನೇ ಜೊತೆಗೆ ಕರ್ಕೊಂಡು ಬರಬಹುದಾ ಅಂತ. ಅವರ ಉತ್ತರ ಬಂದ್ರೆ ಪ್ರಿಂಟ್ ತೆಗೆದು ಫೈಲಲ್ಲಿಡಿ. ಗೇಟಲ್ಲಿರೋ ಸೆಕ್ಯುರಿಟಿಯವರ ಕೈಲಿ ತೀರ್ಮಾನ ಬಿಡೋದಕ್ಕಿಂತ ಅವರ ಆಫೀಸಿಂದಲೇ ಬಂದ ಕಾಗದ ತೋರಿಸೋದು ಎಷ್ಟೋ ವಾಸಿ. ನನ್ನ ಕೇಳಿದ್ರೆ ಮಗುನ ಒಳಗೆ ಬಿಡ್ತಾರೆ ಅಂದ್ರೆ ಕರ್ಕೊಂಡೇ ಹೋಗಿ.

ಹಾಲಿನ ವಿಷಯಕ್ಕೆ ಬಂದ್ರೆ, ಆಗಷ್ಟೇ ತೆಗೆದ ಎದೆಹಾಲು 25 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರೋ ಜಾಗದಲ್ಲಿ 4 ಗಂಟೆ ತನಕ ಇರತ್ತೆ. ಬಿಸಿಲು ಜೋರಿದ್ರೆ ಆ ಲೆಕ್ಕ ನಂಬಬೇಡಿ. ಇನ್ಸುಲೇಟೆಡ್ ಚೀಲದಲ್ಲಿ ಚೆನ್ನಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಜೊತೆ ಇಟ್ರೆ 24 ಗಂಟೆ ತನಕ ಪರವಾಗಿಲ್ಲ. ಮಗು ಸ್ವಲ್ಪ ಕುಡಿದು ಬಿಟ್ಟ ಬಾಟಲಿ 2 ಗಂಟೆಯೊಳಗೆ ಮುಗಿಸಬೇಕು, ಅದ್ಕೆ ಒಂದೇ ದೊಡ್ಡ ಬಾಟಲಿ ಬದಲು ಸಣ್ಣ ಸಣ್ಣ ಮೂರು ಬಾಟಲಿ ಮಾಡಿ. ಪ್ರತಿಯೊಂದಕ್ಕೂ ಒಂದು ತುಂಡು ಟೇಪ್ ಅಂಟಿಸಿ ತೆಗೆದ ಹೊತ್ತು ದೊಡ್ಡಕ್ಷರದಲ್ಲಿ ಬರೀರಿ, ಅತ್ತೆಗೆ ಕನ್ನಡಕ ಹುಡುಕದೇ ಓದೋಕೆ ಆಗಬೇಕು. ಈ ಚೀಲ ಮತ್ತೆ ಮಗುವಿನ ಡೈಪರ್ ಚೀಲ ಅತ್ತೆ ಹತ್ರಾನೇ ಇರಬೇಕು, ಲಗೇಜ್ ಜೊತೆ ಎಲ್ಲೂ ಇಡಬೇಡಿ. ಆರು ತಿಂಗಳಾಗಿಲ್ಲ ಅಲ್ವಾ, ಬಿಸಿಲು ಅಂತ ಯಾರಾದ್ರೂ ನೀರು ಕುಡಿಸಿ ಅಂದ್ರೂ ಬೇಡ ಅಂತ ಅತ್ತೆಗೆ ಮೆತ್ತಗೆ ಹೇಳಿಟ್ಟಿರಿ.

ಪ್ರಶ್ನೆ: ಅಷ್ಟು ಸಣ್ಣ ಮಗುನ ಕರ್ಕೊಂಡೇ ಹೋಗಬೇಕಾ? ಬೆರಳಚ್ಚು ಎಲ್ಲಾ ತಗೋತಾರಾ?

ಉತ್ತರ: ದೇಶದ ಮೇಲೆ ಹೋಗತ್ತೆ. ಅಮೆರಿಕದ ವೀಸಾಗೆ ಮೊದ್ಲು 14 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಇಂಟರ್‌ವ್ಯೂ ಇರ್ತಿರಲಿಲ್ಲ, 2025ರ ಸೆಪ್ಟೆಂಬರ್ 2ರಿಂದ ಆ ವಿನಾಯಿತಿ ತೆಗೆದ್ರು, ಅದ್ಕೇ ಈಗ ಕೈಗೂಸುಗಳೂ ಕ್ಯೂನಲ್ಲಿ ಕಾಣ್ತಿರೋದು. ಬೆರಳಚ್ಚಿನ ಭಯ ಬೇಡ, ಬ್ರಿಟನ್ನಿನ ವೀಸಾಗೆ 5 ವರ್ಷದೊಳಗಿನ ಮಕ್ಕಳದ್ದು ತಗೊಳ್ಳಲ್ಲ, ಫೋಟೊ ಮಾತ್ರ. ಫೋಟೊನ ಮನೇಲೇ ಬಿಳಿ ಬೆಡ್‌ಶೀಟ್ ಮೇಲೆ ಮಲಗಿಸಿ ಮೇಲಿಂದ ತೆಗೀಬಹುದು, ನಿಮ್ಮ ಕೈ, ನೆರಳು ಬೀಳದ ಹಾಗೆ.

ಪ್ರಶ್ನೆ: ಇಷ್ಟೆಲ್ಲಾ ಯಾಕೆ, ಎಲ್ಲಾ ಕಾರಲ್ಲೇ ಬಿಟ್ಟು ಹೋದ್ರೆ ಆಗಲ್ವಾ?

ಉತ್ತರ: ಬಟ್ಟೆ, ಸ್ಟ್ರಾಲರ್ ಡಿಕ್ಕೀಲಿ ಇಡಿ, ತೊಂದರೆ ಇಲ್ಲ. ಫೋನು, ಪವರ್‌ಬ್ಯಾಂಕು ಬಿಸಿಲಲ್ಲಿ ನಿಂತ ಕಾರಲ್ಲಿ ಇಡಬೇಡಿ, ಲಿಥಿಯಂ ಬ್ಯಾಟರಿಗೆ ಆ ಕಾವು ಆಗಲ್ಲ. ಹಾಲಂತೂ ಬೇಡವೇ ಬೇಡ. ಇನ್ನೊಂದು, ಬಟನ್ ಒತ್ತೋ ರಿಮೋಟ್ ಕೀನ ಕೆಲವು ಎಂಬೆಸಿಗಳು ಒಳಗೆ ಬಿಡಲ್ಲ, ಆಗ ಕಾರ್ ಇದ್ದೂ ಕೀ ಇಡೋಕೆ ಜಾಗ ಹುಡುಕಬೇಕಾಗತ್ತೆ, ಹೊರಡೋ ಮುಂಚೆ ಅವರ ಪಟ್ಟೀಲಿ ಕೀ ಬಗ್ಗೆ ಏನಿದೆ ನೋಡಿ. ಮಗುನ ಎತ್ಕೊಂಡು ಯಾರಾದ್ರೂ ಕಾರಲ್ಲೇ ಕಾಯ್ತಾರೆ ಅನ್ನೋ ಯೋಚನೆ ಇದ್ರೆ, ಮುಚ್ಚಿದ ಕಾರ್ ಒಳಗೆ ಬರೀ 10 ನಿಮಿಷದಲ್ಲಿ ಶಾಖ ಸುಮಾರು 11 ಡಿಗ್ರಿ ಏರಬಹುದು, ಕಿಟಕಿ ಸ್ವಲ್ಪ ಇಳಿಸಿದ್ರೂ ಹೆಚ್ಚೇನೂ ಕಮ್ಮಿ ಆಗಲ್ಲ. ಅವರು ಮಗು ಜೊತೆ ಹೊರಗೆ ಬಂದು ಎಲ್ಲಾದ್ರೂ ತಂಪಾದ ಕಡೆ ಕೂರ್ಲಿ, ಕಾರ್ ಕೀನೂ ಅವರ ಹತ್ರಾನೇ ಇರಲಿ.