ಗಾಲಿಕುರ್ಚಿಯ ಜಾಗ ಮೊದಲು ಯಾರಿಗೆ?

ಮಾನ್ಯರೇ, ಮೈಸೂರಿನ ತಗ್ಗು ನೆಲದ ಬಸ್ಸಿನಲ್ಲಿ ಗಾಲಿಕುರ್ಚಿಗೆಂದು ಬಿಟ್ಟ ಜಾಗದಲ್ಲಿ ತಾಯಿಯೊಬ್ಬರು ಮಗುವಿನ ತಳ್ಳುಗಾಡಿ ನಿಲ್ಲಿಸಿಕೊಂಡಿರುವಾಗ ಗಾಲಿಕುರ್ಚಿಯ ಪ್ರಯಾಣಿಕರು ಬಂದರೆ ಯಾರು ಜಾಗ ಬಿಡಬೇಕೆಂದು ಕೇಳಿದ್ದೀರಿ. ತಾಯಿಯೇ ಬಿಡಬೇಕೆಂಬುದು ನನ್ನ ಅಭಿಪ್ರಾಯ. ಮಗುವನ್ನು ಮಡಿಲಿಗೆತ್ತಿಕೊಂಡು, ಗಾಡಿಯನ್ನು ಮಡಚಿ, ಅವರು ಬೇರೆ ಸೀಟಿನಲ್ಲಿ ಕೂರಬಹುದು. ಗಾಲಿಕುರ್ಚಿಯನ್ನು ಬೆಲ್ಟಿನಿಂದ ಬಿಗಿದು ನಿಲ್ಲಿಸಲು ಇಡೀ ಬಸ್ಸಿನಲ್ಲಿರುವುದು ಅದೊಂದೇ ಜಾಗ.

ಬ್ರಿಟನ್ನಿನಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2012ರಲ್ಲಿ ಗಾಲಿಕುರ್ಚಿ ಬಳಸುವ ಡಗ್ ಪಾಲಿ ಎಂಬುವರು ಬಸ್ ಹತ್ತಲು ಹೋದಾಗ, ಮಗು ಮಲಗಿದ್ದ ಗಾಡಿಯನ್ನು ತಾಯಿ ಸರಿಸಲೊಪ್ಪದ್ದರಿಂದ, ಅವರು ಕೆಳಗೇ ಉಳಿಯಬೇಕಾಯಿತು. ಚಾಲಕರು ಒಮ್ಮೆ ವಿನಂತಿಸಿ ಸುಮ್ಮನಾಗುವುದು ಸಾಲದು, ನಿರಾಕರಣೆಗೆ ತಕ್ಕ ಕಾರಣವಿಲ್ಲವೆನಿಸಿದರೆ ಇನ್ನಷ್ಟು ಒತ್ತಾಯಿಸಬೇಕು, ಬೇಕಾದರೆ ಕೆಲವು ನಿಮಿಷ ಬಸ್ಸನ್ನು ನಿಲ್ಲಿಸಲೂಬಹುದು ಎಂದು 2017ರ ತೀರ್ಪು ಹೇಳಿತು. ಬಲವಂತವಾಗಿ ಇಳಿಸಬೇಕೆಂದು ಮಾತ್ರ ಹೇಳಲಿಲ್ಲ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 41ನೇ ಸೆಕ್ಷನ್, ಸಾರಿಗೆಯನ್ನು ಅವರಿಗೆ ಅನುಕೂಲವಾಗುವಂತೆ ಮಾಡುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ.

ನಿಜ ಹೇಳಬೇಕೆಂದರೆ, ನಮ್ಮೂರಿನ ಬಸ್ಸಿನಲ್ಲಿ ತಳ್ಳುಗಾಡಿಯೇ ಅಪರೂಪ. ಆ ಜಾಗವನ್ನು ಹಿಡಿದಿರುವುದು ದೇವರಾಜ ಮಾರುಕಟ್ಟೆಯಿಂದ ಬಂದ ಹೂವಿನ ಮೂಟೆ, ಬಾಳೆಗೊನೆ, ಕಂಬಿಗೊರಗಿ ಮೊಬೈಲ್ ನೋಡುತ್ತ ನಿಂತ ಕಾಲೇಜು ಹುಡುಗರು. ಇವರೊಂದಿಗೆ ಆದ್ಯತೆಯ ಚರ್ಚೆಯೇ ಬೇಕಿಲ್ಲ. ಊರುಗೋಲಿನ ಹಿರಿಯರ ಮಾತು ಬೇರೆ, ಆದರೆ ಅವರಿಗೆ ಬೇಕಾದದ್ದು ಮುಂಬದಿಯ ಸೀಟೇ ಹೊರತು ಖಾಲಿ ನೆಲವಲ್ಲ. ಗಾಲಿಕುರ್ಚಿಯವರ ಜೊತೆಗೆ ನೀವಿದ್ದರೆ, ಇಳಿಜಾರು ಹಲಗೆಯನ್ನು ಬಿಡಿಸುವ ಮೊದಲೇ ಜಾಗ ತೆರವು ಮಾಡಿಸುವಂತೆ ಕಂಡಕ್ಟರರನ್ನು ಕೇಳಿಕೊಳ್ಳಿ. ಜನ ನುಗ್ಗಿದ ಮೇಲೆ ಮೂಟೆ ಸರಿಸಲು ಜಾಗವೇ ಇರುವುದಿಲ್ಲ.